ಚಳಿಯಲ್ಲೇ ಬಿತ್ತಿದ ಮೆಣಸಿನ ಬೀಜ ಮೊಳೆಯಿತು

ಚಳಿ ಪೂರ್ತಿ ಹೋಗುವ ಮೊದಲೇ ಟ್ರೇಗೆ ಹಾಕಿದ್ದ ಮೆಣಸಿನಕಾಯಿ, ಬದನೆ ಬೀಜ ಮೊಳೆಯಲೇ ಇಲ್ಲ. ಬೀಜ ಹಳೆಯದಾ ಅಂತ ಅನುಮಾನ ಬಂತು. ಅದೇ ಪೊಟ್ಟಣದ ಕೆಲವು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟೆ, ಮೊಳಕೆ ಬಂತು! ಅಂದರೆ ತೊಂದರೆ ಮಣ್ಣಿನ ತಂಪಿನದು.

ಇವಕ್ಕೆ ಮಣ್ಣು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. 15ಕ್ಕಿಂತ ಇಳಿದರೆ ಸುಮ್ನೆ ಮಲಗಿಬಿಡುತ್ತವೆ. ಗಾಳಿಯ ಬಿಸಿ ನೋಡಿ ಪ್ರಯೋಜನವಿಲ್ಲ, ಥರ್ಮಾಮೀಟರನ್ನು ಮಣ್ಣಿಗೇ ಚುಚ್ಚಿ ನೋಡಬೇಕು. ಟ್ರೇ ಕೆಳಗೆ ಹೀಟ್ ಮ್ಯಾಟ್ (ಕರೆಂಟಿನಿಂದ ಬೆಚ್ಚಗಾಗುವ ಚಾಪೆ) ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಕೆಲಸ ಆಯ್ತು.

ಮೊಳಕೆ ಕಂಡ ಕೂಡಲೇ ಮ್ಯಾಟ್, ಪ್ಲಾಸ್ಟಿಕ್ ಎರಡನ್ನೂ ತೆಗೆದು ಟ್ರೇಯನ್ನು ಜಾಸ್ತಿ ಬೆಳಕಿಗೆ ಇಟ್ಟೆ. ಇಲ್ಲದಿದ್ದರೆ ಸಸಿ ಸಣಕಲಾಗಿ ಉದ್ದ ಬೆಳೆಯುತ್ತದೆ, ತೇವಕ್ಕೆ ಬುಡವೂ ಕೊಳೆಯುತ್ತದೆ. ಮೂಲಂಗಿ, ಪಾಲಕ್, ಬಟಾಣಿಗೆ ಇಷ್ಟೆಲ್ಲ ಸೇವೆ ಬೇಡ, ತಂಪಿನಲ್ಲೇ ಹುಟ್ಟುತ್ತವೆ.