ಜೇನುಮೇಣದ ಬತ್ತಿ: ಮೊದಲ ಸಲ ಹಚ್ಚುವಾಗಲೇ ಜೋಪಾನ

ಕರೆಂಟು ಹೋದಾಗ ಬಿಳಿಯ ಮೇಣದ ಬತ್ತಿಯೊಂದನ್ನು ಹಚ್ಚಿ, ಎರಡು ಹನಿ ಮೇಣ ಬೀಳಿಸಿ ಅದನ್ನು ತಟ್ಟೆಗೆ ಅಂಟಿಸಿ, ಕರೆಂಟು ಬಂದ ಕೂಡಲೇ ಉಫ್ ಎಂದು ಊದಿಬಿಡುವುದು ನಮ್ಮಲ್ಲಿ ಹೆಚ್ಚಿನವರ ರೂಢಿ. ಪೆಟ್ರೋಲಿಯಂನಿಂದ ಸಿಗುವ ಪ್ಯಾರಾಫಿನ್ ಮೇಣದ ಸಣ್ಣ ಬತ್ತಿಗೆ ಅಷ್ಟು ಉಪಚಾರ ಸಾಕು. ಆದರೆ ಕೊಡಗಿನಿಂದಲೋ ಮಲೆನಾಡಿನಿಂದಲೋ ದುಬಾರಿ ಬೆಲೆ ಕೊಟ್ಟು ತಂದ ದಪ್ಪನೆಯ ಜೇನುಮೇಣದ ಬತ್ತಿಯನ್ನೂ ಹೀಗೆಯೇ ನಡೆಸಿಕೊಂಡರೆ, ಅದರ ನಡುವೆ ಬಾವಿಯಂತೆ ಗುಳಿ ಬಿದ್ದು, ಉರಿ ಆ ಗುಳಿಯ ತಳಕ್ಕೆ ಇಳಿದು, ಸುತ್ತಲಿನ ಒಳ್ಳೆಯ ಮೇಣವೆಲ್ಲ ಉರಿಯದೆ ಗೋಡೆಯಾಗಿ ನಿಂತುಬಿಡುತ್ತದೆ.

ಇದಕ್ಕೆ ಕಾರಣ ಮೇಣದ ಸ್ವಭಾವದಲ್ಲಿಯೇ ಇದೆ. ಕೆಲಸಗಾರ ಜೇನುಹುಳುಗಳ ಹೊಟ್ಟೆಯ ಕೆಳಭಾಗದ ಗ್ರಂಥಿಗಳಿಂದ ಒಸರುವ ಈ ಮೇಣ ಕರಗಬೇಕಾದರೆ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಂಗಡಿಯ ಅನೇಕ ಪ್ಯಾರಾಫಿನ್ ಬತ್ತಿಗಳು ಇದಕ್ಕಿಂತ ಕಡಿಮೆ ಶಾಖದಲ್ಲಿಯೇ ಕರಗುತ್ತವೆ. ನಿಜದಲ್ಲಿ ಉರಿಯುವುದು ಒಳಗಿನ ನೂಲಲ್ಲ. ಕರಗಿದ ಮೇಣ ನೂಲಿನ ಮೂಲಕ ಮೇಲೇರಿ, ಆವಿಯಾಗಿ, ಆ ಆವಿ ಉರಿಯುತ್ತದೆ. ಆದ್ದರಿಂದ ಶಾಖ ಅಂಚಿನವರೆಗೆ ಹಬ್ಬಲು ಸಮಯ ಕೊಡದಿದ್ದರೆ ನೂಲಿನ ಸುತ್ತಲಿನ ಮೇಣವಷ್ಟೇ ಖರ್ಚಾಗುತ್ತದೆ.

ಕೊಳ್ಳುವಾಗ ಬತ್ತಿಯ ಮೈಮೇಲೆ ಬೂದಿ ಹಚ್ಚಿದಂತೆ ತೆಳುವಾದ ಬಿಳಿ ಪದರ ಕಂಡರೆ ಬೂಷ್ಟು ಹಿಡಿದಿದೆ ಎಂದು ಹಿಂದಿರುಗಿಸಬೇಡಿ. ಜೇನುಮೇಣದೊಳಗಿನ ಮೃದು ಅಂಶಗಳು ತಂಪಿನಲ್ಲಿ ನಿಧಾನವಾಗಿ ಮೇಲಕ್ಕೆ ಬಂದು ಹೀಗೆ ಕೂರುತ್ತವೆ, ಅದರಿಂದ ಕೆಡುಕೇನೂ ಇಲ್ಲ. ಮೆತ್ತನೆಯ ಹತ್ತಿ ಬಟ್ಟೆಯಿಂದ ತಿಕ್ಕಿದರೆ ಅಥವಾ ಹೇರ್ ಡ್ರೈಯರಿನ ಬಿಸಿ ಗಾಳಿಯನ್ನು ದೂರದಿಂದ ಹಾಯಿಸಿದರೆ ಹಳದಿ ಬಣ್ಣ ಮರಳುತ್ತದೆ.

ಮೊದಲ ಸಲ ಹಚ್ಚುವುದಕ್ಕೆ ಬಿಡುವಿರುವ ಸಂಜೆಯನ್ನೇ ಆರಿಸಿಕೊಳ್ಳಿ, ಏಕೆಂದರೆ ದಪ್ಪ ಬತ್ತಿಯ ಮುಂದಿನ ಆಯುಷ್ಯ ನಿರ್ಧಾರವಾಗುವುದು ಬಹುಮಟ್ಟಿಗೆ ಅಂದೇ. ಅಡ್ಡಳತೆಯ ಪ್ರತಿ ಎರಡೂವರೆ ಸೆಂಟಿಮೀಟರಿಗೆ ಸುಮಾರು ಒಂದು ಗಂಟೆ ಎಂಬುದು ರೂಢಿಯ ಲೆಕ್ಕ; ಏಳೂವರೆ ಸೆಂಟಿಮೀಟರ್ ದಪ್ಪದ ಬತ್ತಿಯನ್ನು ಮೂರು ಗಂಟೆ ಉರಿಸಬೇಕಾಗುತ್ತದೆ. ಕರಗಿದ ಮೇಣದ ಕೊಳ ಅಂಚಿನ ಹತ್ತಿರಕ್ಕೆ ಬಂದಿರಬೇಕು, ಆದರೆ ಅಂಚನ್ನು ದಾಟಿ ಸುರಿಯಬಾರದು. ಆರಿಸಿದ ಮೇಲೆ, ಮೇಲಂಚು ಇನ್ನೂ ಬೆಚ್ಚಗೆ ಮೆತ್ತಗಿರುವಾಗ ಅದನ್ನು ಹೊರಗಿನಿಂದ ಅಂಗೈಯಲ್ಲಿ ಹಗುರವಾಗಿ ಒಳಕ್ಕೆ ಒತ್ತಿದರೆ, ಆ ಮೇಣ ಮುಂದಿನ ಸಲ ಉರಿಯ ಸಮೀಪಕ್ಕೆ ಬಂದು ಕರಗುತ್ತದೆ. ಈಗಾಗಲೇ ಗುಳಿ ಬಿದ್ದಿದ್ದರೆ, ಆರಿ ತಣಿದ ಮೇಲೆ ಎತ್ತರದ ಗೋಡೆಯನ್ನು ಚಾಕುವಿನಿಂದ ಕೆತ್ತಿ ಸಮಮಾಡಿ. ಕೆತ್ತಿದ ಚೂರುಗಳನ್ನು ಎಸೆಯಬೇಡಿ. ಎಷ್ಟೇ ದಪ್ಪ ಬತ್ತಿಯಾದರೂ ಒಂದೇ ಸಲಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬಾರದು.

ಎಣ್ಣೆ ದೀಪದ ಕಿಟ್ಟ ತೆಗೆದು ಕುಡಿ ಸರಿಮಾಡುವುದು ನಮ್ಮ ಮನೆಗಳಿಗೆ ಹೊಸತೇನಲ್ಲ, ಮೇಣದ ಬತ್ತಿಗೆ ಮಾತ್ರ ಅದನ್ನು ಮರೆಯುತ್ತೇವೆ. ಪ್ರತಿ ಸಲ ಹಚ್ಚುವ ಮೊದಲು ನೂಲನ್ನು ಸುಮಾರು 6 ಮಿಲಿಮೀಟರಿಗೆ ಕತ್ತರಿಸಬೇಕು. ಉಗುರು ಕತ್ತರಿಯೇ ಸಾಕು. ಉದ್ದನೆಯ ನೂಲು ಬೇಕಾದುದಕ್ಕಿಂತ ಹೆಚ್ಚು ಮೇಣವನ್ನು ಎಳೆದುಕೊಳ್ಳುವುದರಿಂದ ಉರಿ ಎತ್ತರಕ್ಕೆದ್ದು ಕುಣಿಯುತ್ತದೆ, ಮಸಿ ಕಾರುತ್ತದೆ. ಕತ್ತರಿಸಿದ ಕರಿ ತುಣುಕನ್ನು ಮೇಣದೊಳಗೆ ಬಿಡಬೇಡಿ. ಅದೂ ಇನ್ನೊಂದು ನೂಲಿನಂತೆ ಹೊತ್ತಿಕೊಳ್ಳಬಹುದು.

ಇನ್ನು ಬತ್ತಿ ಇಡುವ ಜಾಗ. ಅಲುಗದ, ಸಮತಟ್ಟಾದ ಮೇಜಿನ ಮೇಲೆ ಅಂಚಿರುವ ಸ್ಟೀಲ್ ತಟ್ಟೆ ಇಟ್ಟು ಅದರೊಳಗೆ ಬತ್ತಿ ನಿಲ್ಲಿಸಿ. ಪ್ಲಾಸ್ಟಿಕ್ ತಟ್ಟೆ ಬೇಡ. ಶಾಖಕ್ಕೆಂದು ತಯಾರಿಸದ ತೆಳು ಗಾಜಿನ ಲೋಟವೂ ಬೇಡ, ಬಿಸಿಗೆ ಬಿರುಕು ಬಿಡುತ್ತದೆ. ಪರದೆ, ಸೊಳ್ಳೆ ಪರದೆ, ಗೋಡೆಯ ಕ್ಯಾಲೆಂಡರ್, ದೇವರ ಕೋಣೆಯ ಪ್ಲಾಸ್ಟಿಕ್ ಹೂಮಾಲೆ ಇವೆಲ್ಲ ಕನಿಷ್ಠ 30 ಸೆಂಟಿಮೀಟರ್ ದೂರವಿರಲಿ. ಎರಡು ಬತ್ತಿಗಳ ನಡುವೆ 10 ಸೆಂಟಿಮೀಟರ್ ಅಂತರ ಬೇಕು. ಕರೆಂಟು ಹೋದಾಗ ಫ್ಯಾನಿನ ಸ್ವಿಚ್ ಆರಿಸುವುದನ್ನು ಮರೆಯಬೇಡಿ: ಕರೆಂಟು ಬಂದ ಗಳಿಗೆಯಲ್ಲಿ ತಾನಾಗಿ ತಿರುಗತೊಡಗುವ ಫ್ಯಾನು ಹತ್ತಿರದ ಬಟ್ಟೆಯನ್ನು ಉರಿಯ ಮೇಲೆ ಹಾರಿಸಬಹುದು. ಗ್ಯಾಸಿನ ವಾಸನೆ ಬಂದ ಮನೆಯಲ್ಲಿ ಕಡ್ಡಿ ಗೀರಲೇಬಾರದು. ಮಕ್ಕಳೋ ಬೆಕ್ಕೋ ಓಡಾಡುವಲ್ಲಿ ಬತ್ತಿ ಬಿಟ್ಟು ಕೋಣೆಯಿಂದ ಹೊರಡುವುದೂ, ಉರಿಯುತ್ತಿರುವಾಗ ಮಲಗುವುದೂ ಸಲ್ಲದು.

ಜೇನುಮೇಣದ ಉರಿ ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂದು ಕೆಲವು ಮಾರಾಟಗಾರರು ಹೇಳುವುದನ್ನು ನಂಬಬೇಕಾಗಿಲ್ಲ. ಯಾವ ಉರಿಯಾದರೂ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನೂ ಒಂದಿಷ್ಟು ಮಸಿಯನ್ನೂ ಬಿಡುತ್ತದೆ. ಬತ್ತಿಗೆ ನೇರವಾಗಿ ಗಾಳಿ ಬೀಸದಂತೆ ಕಿಟಕಿಯನ್ನು ಸ್ವಲ್ಪ ತೆರೆದಿಡಿ.

ದೀಪವನ್ನು ಬಾಯಿಂದ ಊದಿ ಆರಿಸಬಾರದು ಎಂದು ಹಿರಿಯರು ಗದರುತ್ತಿದ್ದುದು ಇಲ್ಲಿ ಅಕ್ಷರಶಃ ಒಳ್ಳೆಯ ಸಲಹೆ. ಊದಿದರೆ ಬಿಸಿ ಮೇಣ ಎರಚುತ್ತದೆ, ನೂಲು ಕೆಂಡವಾಗಿ ಹೊಗೆಯಾಡುತ್ತದೆ. ಲೋಹದ ಕಡ್ಡಿಯಿಂದ ನೂಲನ್ನು ಕರಗಿದ ಮೇಣದಲ್ಲಿ ಅದ್ದಿ, ತಕ್ಷಣ ಎತ್ತಿ ನೆಟ್ಟಗೆ ನಿಲ್ಲಿಸಿದರೆ ಹೊಗೆಯೂ ಇಲ್ಲ, ಮುಂದಿನ ಸಲ ಹಚ್ಚುವುದೂ ಸುಲಭ. ನೀರು ಮಾತ್ರ ಹಾಕಬೇಡಿ. ಕಾದ ಎಣ್ಣೆಗೆ ನೀರು ಬಿದ್ದಂತೆ ಉರಿಯುವ ಮೇಣ ಸಿಡಿಯುತ್ತದೆ. ಮೇಣವೇ ಹೊತ್ತಿಕೊಂಡರೆ ಲೋಹದ ಮುಚ್ಚಳ ಮುಚ್ಚಿ ಗಾಳಿ ತಪ್ಪಿಸಬೇಕು. ಬಿಸಿ ಮೇಣ ಕೈಮೇಲೆ ಬಿದ್ದರೆ ಕಿತ್ತು ತೆಗೆಯಲು ಹೋಗದೆ ಸುಮಾರು 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟು, ಇಂಕು ಬಳಿಯಬೇಡಿ.

ದಪ್ಪ ಬತ್ತಿ 5 ಸೆಂಟಿಮೀಟರ್ ಎತ್ತರಕ್ಕೆ ಇಳಿದಾಗ, ಗಾಜಿನ ಪಾತ್ರೆಯಲ್ಲಿರುವುದಾದರೆ ಒಂದು ಸೆಂಟಿಮೀಟರಿನಷ್ಟು ಮೇಣ ಉಳಿದಾಗ, ಉರಿಸುವುದನ್ನು ನಿಲ್ಲಿಸಿ. ಬಟ್ಟೆಗೆ ಬಿದ್ದ ಮೇಣವನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಕೆರೆದು ತೆಗೆಯಿರಿ. ಕರಗಿದ ಮೇಣವನ್ನು ಸಿಂಕಿಗೆ ಸುರಿದರೆ ಅದು ಪೈಪಿನೊಳಗೆ ಗಟ್ಟಿಯಾಗುತ್ತದೆ. ಬಳಸದ ಬತ್ತಿಗಳನ್ನು ಬಿಸಿಲು ಬೀಳದ ಕಪಾಟಿನಲ್ಲಿ, ಅಚ್ಚಿಲ್ಲದ ಕಾಗದ ಸುತ್ತಿ, ಉದ್ದನೆಯವನ್ನು ಮಲಗಿಸಿ ಇಡಬೇಕು. ಕಲಬುರಗಿ, ರಾಯಚೂರುಗಳ ಮೇ ತಿಂಗಳ ಸೆಕೆಗೆ ಮೇಣ ಕರಗದಿದ್ದರೂ ಮೆತ್ತಗಾಗಿ, ನಿಲ್ಲಿಸಿಟ್ಟ ಬತ್ತಿ ಬಾಗುತ್ತದೆ. ಕೊನೆಗೆ ಉಳಿಯುವ ಮೋಟುಗಳನ್ನೂ ಕೆತ್ತಿದ ಚೂರುಗಳನ್ನೂ ಡಬ್ಬಿಯಲ್ಲಿ ಕೂಡಿಡಿ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುವ ಮರದ ಡ್ರಾಯರಿನ ಅಂಚಿಗೆ ಅದನ್ನು ತಿಕ್ಕಿದರೆ ಸಲೀಸಾಗಿ ಜಾರುತ್ತದೆ.