ಒಳ್ಳೆ ಟೈಲರ್ ಸೂಪರ್‌ವೈಸರ್ ಆದಾಗ: ದಿನಕ್ಕೆ 10 ನಿಮಿಷದ ಕೋಚಿಂಗ್

ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಕೆಲಸ ಸಿಗೋದು ಹೆಚ್ಚಾಗಿ ಲೈನಿನ ಒಳ್ಳೆ ಟೈಲರ್‌ಗೆ. ನನಗೂ ಹಾಗೇ ಸಿಕ್ಕಿದ್ದು. ಮೈಸೂರು ರಸ್ತೆಯ ಶರ್ಟ್ ಫ್ಯಾಕ್ಟರಿಯೊಂದರಲ್ಲಿ ಕಫ್ ಹೊಲೀತಿದ್ದವಳಿಗೆ ಒಂದು ಸೋಮವಾರ 40 ಮೆಷಿನ್ನಿನ ಲೈನು ಕೊಟ್ಟರು. ಹೇಳಿಕೊಟ್ಟವರು ಯಾರೂ ಇಲ್ಲ. ಪ್ರೊಡಕ್ಷನ್ ಬಿದ್ದ ಕೂಡಲೇ ಗಾಬರಿಯಾಗಿ ನಾನೇ ಮೆಷಿನ್‌ಗೆ ಕೂತೆ. ಕಫ್ ಗುಡ್ಡೆ ಬಿತ್ತು, ಅದನ್ನು ಕೂಡಿಸೋಕೆ ತೋಳೇ ಬಂದಿರಲಿಲ್ಲ. ಮೇಲಿನವರು ನನಗೆ ಬೈದರು, ನಾನು ಹೆಲ್ಪರ್‌ಗೆ ಬೈದೆ.

ಈಗ ಫ್ಲೋರ್ ಇನ್‌ಚಾರ್ಜ್ ಆಗಿದ್ದೀನಿ. ನಿಮ್ಮ ಕೈಕೆಳಗೂ ಹೊಸ ಸೂಪರ್‌ವೈಸರ್ ಬಂದಿದ್ದರೆ, ನಾನು ಮಾಡೋದು ಹೀಗೆ.

ಮೊದಲ ವಾರ ಬರೀ ನೋಡಿ. ಕಂಡದ್ದನ್ನು ಮಾತ್ರ ಬರೆದಿಡಿ. "ಜಂಭ ಜಾಸ್ತಿ" ಅಂತಲ್ಲ, "10:20ಕ್ಕೆ ಚೆಕ್ಕರ್ ಕರೆದರು, ಇವಳು ತಲೆ ಎತ್ತಲಿಲ್ಲ" ಅಂತ. ಆ ಪುಸ್ತಕ ಎಚ್‌ಆರ್ ಕೈಗೆ ಹೋಗಲ್ಲ ಅಂತ ಹೊಸ ಸೂಪರ್‌ವೈಸರ್‌ಗೂ ಹೇಳಿಬಿಡಿ.

ಆಮೇಲೆ ಒಂದೇ ಒಂದು ವಿಷಯ ಹಿಡೀರಿ. ಕಳೆದ ಸಲ ಬಂದವಳು ಮದ್ದೂರು ಕಡೆ ಹುಡುಗಿ. ಗಂಟೆಗೆ 60 ಪೀಸ್ ಟಾರ್ಗೆಟ್, ಬೋರ್ಡಿನಲ್ಲಿ 50 ದಾಟುತ್ತಿರಲಿಲ್ಲ. ಕಾಲರ್ ಅಟ್ಯಾಚ್ ಮಾಡೋ ಅಕ್ಕ ನಿಧಾನ, ಅವರನ್ನು ಬದಲಾಯಿಸಿ ಅಂತ ಅವಳ ವಾದ. ಕಾರಣ ನನ್ನ ಕಣ್ಣಿಗೆ ಆಗಲೇ ಬಿದ್ದಿತ್ತು, ಆದರೂ ಬಾಯಿ ಬಿಡಲಿಲ್ಲ. ಸ್ಟಾಪ್‌ವಾಚ್ ಕೊಟ್ಟು, "ಐದು ಪೀಸಿನ ಟೈಮ್ ಹಿಡಿ. ಅವರ ಮುಖ ನೋಡಬೇಡ, ಕೈ ನೋಡು" ಅಂದೆ. ಪೀಸಿಗೆ ಸರಾಸರಿ 72 ಸೆಕೆಂಡ್ ಬಂತು. ಗಂಟೆಯ 3,600 ಸೆಕೆಂಡನ್ನು ಅದರಿಂದ ಭಾಗಿಸಿದರೆ ಸರಿಯಾಗಿ 50. "ಆ 72ರಲ್ಲಿ ಸೂಜಿ ಓಡಿದ್ದೆಷ್ಟು?" ಅಂತ ಕೇಳಿ ಮತ್ತೆ ಕಳಿಸಿದೆ. ಹೆಲ್ಪರ್ ಬಂಡಲ್ಲನ್ನು ಅಕ್ಕನ ಬೆನ್ನ ಹಿಂದೆ ಇಡುತ್ತಿದ್ದಳು. ಪೀಸ್ ಪೀಸಿಗೂ ಸೊಂಟ ತಿರುಗಿಸಿ ಎಳೆದುಕೊಳ್ಳಬೇಕು, ಅದಕ್ಕೇ 11-12 ಸೆಕೆಂಡ್. ಬಂಡಲ್ ಎಡಗೈ ಪಕ್ಕದ ಸ್ಟೂಲಿಗೆ ಬಂತು. ಮರುದಿನ ಬೋರ್ಡಿನಲ್ಲಿ 58.

ನಾನೇ ಹೇಳಿದ್ದರೆ ಎರಡು ನಿಮಿಷದ ಕೆಲಸ, ಹೀಗೆ ಮಾಡಿದ್ದಕ್ಕೆ ಎರಡು ದಿನ ಹಿಡೀತು. ಆದರೆ ಮುಂದಿನ ವಾರ ಪಾಕೆಟ್ ಹತ್ತಿರ ಪೀಸ್ ನಿಂತಾಗ ಅವಳು ನನ್ನನ್ನು ಕರೆಯಲಿಲ್ಲ, ಸ್ಟಾಪ್‌ವಾಚ್ ಕೇಳಿದಳು.

"ಯಾಕೆ ಹೀಗೆ ಮಾಡಿದೆ?" ಅಂದರೆ ನೆಪ ಬರುತ್ತೆ. "ಏನು ಕಾಣಿಸ್ತು? ಏನು ಮಾಡಿ ನೋಡಿದೆ? ನಾಳೆ ಏನು ಬದಲಾಯಿಸ್ತೀಯ?" ಇಷ್ಟು ಕೇಳಿ, ಸುಮ್ಮನಿರಿ. ಸುಮ್ಮನಿರೋದೇ ಕಷ್ಟ, ನನಗೆ ಈಗಲೂ ಕಷ್ಟ. ಲೈನಿನವರ ಮುಂದೆ ಮಾತ್ರ ಬೇಡ. ನಾವು ದಿನಾ ಬೆಳಗಿನ ಟೀ ಆದಮೇಲೆ ಸ್ಟೋರ್ ಪಕ್ಕ ನಿಂತು 10 ನಿಮಿಷ ಮಾತಾಡ್ತೀವಿ.

ಇನ್ನು ಮಾತಿನ ವಿಷಯ. ನಿನ್ನೆವರೆಗೂ ಡಬ್ಬಿ ಹಂಚಿಕೊಂಡು ಉಂಡವರಿಗೆ ಇವತ್ತು ಕೆಲಸ ಹೇಳಬೇಕು. "ಬನ್ನಿ ಅಕ್ಕ" ಅನ್ನುತ್ತಿದ್ದವಳು ಪ್ರಮೋಷನ್ ಆದ ವಾರವೇ "ಬಾಮ್ಮ ಇಲ್ಲಿ" ಶುರುಮಾಡಿದ್ದಳು. ಗತ್ತು ತೋರಿಸದಿದ್ದರೆ ಯಾರೂ ಕೇಳಲ್ಲ ಅನ್ನೋ ಭಯ. ಇದು ಬುದ್ಧಿ ಹೇಳಿದರೆ ಹೋಗಲ್ಲ, ಆಡಿಸಿ ನೋಡಬೇಕು. ನಾನು ಲೇಟಾಗಿ ಬರೋ ಟೈಲರ್ ಆದೆ, ಅವಳು ಸೂಪರ್‌ವೈಸರ್. ಮೊದಲ ಸಲ ಬೈದಳು. ಎರಡನೇ ಸಲ ಅಂಗಲಾಚಿದಳು. ಮೂರನೇ ಸಲ, "ಅಕ್ಕ, ಈ ವಾರ ಮೂರು ದಿನ ಲೇಟಾಯ್ತು. ಬಸ್ಸಿನ ತೊಂದರೆನಾ, ಮನೇಲಿ ಏನಾದ್ರೂನಾ?" ಅಂದಳು. ಅಷ್ಟೇ ಬೇಕಿದ್ದದ್ದು.

ಹೊಸ ಟೈಲರ್‌ಗೆ ಕೆಲಸ ಕಲಿಸೋ ಬಗೆಯನ್ನು ಮಾತ್ರ ನಾನು ನೇರವಾಗೇ ಹೇಳಿಕೊಡ್ತೀನಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಕಾರ್ಖಾನೆಗಳಿಗೆ ಅಂತ ಮಾಡಿದ 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ'ಯ ನಾಲ್ಕು ಹೆಜ್ಜೆ ಅದು: ಧೈರ್ಯ ಹೇಳಿ ಕೂರಿಸು, ಮಾಡಿ ತೋರಿಸು, ಅವರ ಕೈಯಲ್ಲೇ ಮಾಡಿಸು, ಆಗಾಗ ಬಂದು ನೋಡು. ನಮ್ಮವರು ಎರಡನೇದಕ್ಕೇ ಎದ್ದು ಹೋಗ್ತಾರೆ.

ಮೈ ಮುಟ್ಟಿದ, ಕೆಟ್ಟ ಮಾತಾಡಿದ ಅಂತ ಹೆಣ್ಣುಮಕ್ಕಳ ದೂರು ಬಂದರೆ ಅದು ಕೋಚಿಂಗ್ ವಿಷಯ ಅಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯ ಪ್ರಕಾರ ಇರೋ ಆಂತರಿಕ ಸಮಿತಿಗೆ ಹೋಗಬೇಕು. ಸೂಪರ್‌ವೈಸರ್ ತಾನೇ ರಾಜಿ ಮಾಡಿಸೋಕೆ ಹೋಗಬಾರದು ಅಂತ ಮೊದಲ ದಿನವೇ ಹೇಳಿ.

ಶಿಪ್‌ಮೆಂಟ್ ವಾರದಲ್ಲಿ 10 ನಿಮಿಷ ಎಲ್ಲಿ ಸಿಗಬೇಕು? ಆಗ ಗೇಟಿನವರೆಗೆ ನಡೀತಾ ಒಂದೇ ಪ್ರಶ್ನೆ ಕೇಳ್ತೀನಿ: "ಇವತ್ತು ಮೆಷಿನ್‌ಗೆ ಎಷ್ಟು ಸಲ ಕೂತೆ?" ಮೊದಲ ತಿಂಗಳು ಬೆರಳು ಮಡಚಿ ಎಣಿಸ್ತಿದ್ದಳು. ಈಗ ತಿರುಗಿ ನನ್ನನ್ನೇ ಕೇಳ್ತಾಳೆ, "ನೀವು ನಮ್ಮ ಲೈನಿಗೆ ಎಷ್ಟು ಸಲ ಬಂದ್ರಿ ಮೇಡಂ?"