ಇಂಜಿನ್ ಕೆಲಸ ಆದಮೇಲೆ ಟ್ಯಾಪೆಟ್ ಟಕಟಕ: ಯಾವ ವಾಲ್ವ್ ಅಂತ ಹಿಡಿಯೋದು ಹೇಗೆ
ಹೊಸದಾಗಿ ಕಟ್ಟಿಸಿದ ಇಂಜಿನ್ ಮೇಲ್ಗಡೆ ಟಕಟಕ ಅಂತಿದ್ರೆ, ಬಿಸಿಯಾದ ಮೇಲೆ ವಾಲ್ವ್ ಕವರ್ ತೆಗೆದು, ಐಡ್ಲಿಂಗ್‌ನಲ್ಲಿ ಓಡ್ತಿರೋವಾಗ್ಲೇ ವಾಲ್ವನ್ನ ಒತ್ತಿ ತೆರೆಯೋ ತೋಳಾದ ಒಂದೊಂದು ರಾಕರ್‌ಗೂ ವಾಲ್ವ್ ತುದಿಗೂ ಮಧ್ಯೆ ತೆಳ್ಳನೆ ಫೀಲರ್ ಗೇಜ್ (ಗ್ಯಾಪ್ ಅಳೆಯೋ ಉಕ್ಕಿನ ಪಟ್ಟಿ) ತೂರಿಸಿ ನೋಡ್ರಿ ಅಣ್ಣಾರೆ. ಯಾವುದಕ್ಕೆ ಹಾಕಿದಾಗ ಸದ್ದು ಅಡಗುತ್ತೋ, ಗಲಾಟೆ ಅದರದ್ದೇ. ಹೆಚ್ಚಾಗಿರೋ ಗ್ಯಾಪನ್ನ ಆ ಪಟ್ಟಿ ತುಂಬುತ್ತೆ, ರಾಕರ್ ಹೊಡೆಯೋಕೆ ಜಾಗ ಇರಲ್ಲ, ಅಷ್ಟೇ. ಮಾರುತಿ 800, ಓಮ್ನಿ ಥರ ಗ್ಯಾಪ್ ಹೊಂದಿಸೋಕೆ ಸ್ಕ್ರೂ, ಲಾಕ್‌ನಟ್ ಇರೋ ಗಾಡಿಗೆ ಇದು ಸರಿ. ಆದ್ರೆ ರಾಕರ್ ಆಡಿಸೋ ಕ್ಯಾಮ್ ಶಾಫ್ಟ್ ಮೇಲೇ ಇರೋದ್ರಿಂದ ಆಯಿಲ್ ಮುಖಕ್ಕೇ ಎರಚುತ್ತೆ. ಕನ್ನಡಕ ಹಾಕ್ಕೊಳ್ರಿ, ಅಂಗಿ ತೋಳು ಮಡಚ್ರಿ, ಎಕ್ಸಾಸ್ಟ್ ಮೇಲೆ ಹಳೇ ಬಟ್ಟೆ ಮಾತ್ರ ಹಾಸಬೇಡ್ರಿ, ಹೊತ್ಕೊಳ್ಳುತ್ತೆ. ಗ್ಯಾಪ್ ಅಳತೆ ಸರಿ ತೋರಿಸಿಯೂ ಫೀಲರ್ ಇಟ್ಟಾಗ ಸದ್ದು ನಿಂತ್ರೆ ರಾಕರ್ ಮುಖ ಗುಳಿ ಬಿದ್ದಿರುತ್ತೆ. ಪಟ್ಟಿ ಗುಳಿಯ ಮೇಲೆ ಸೇತುವೆ ಥರ ಕೂತು ಸುಳ್ಳು ಅಳತೆ ಕೊಡುತ್ತೆ. ಹಳೇ ರಾಕರ್ ತೊಳೆದು ಹಾಕಿದ ಇಂಜಿನ್‌ಗಳಲ್ಲಿ ನಂಗೆ ಮೊದಲ ಅನುಮಾನ ಇದರ ಮೇಲೇ. ಸದ್ದು ಸಾಯಿಸ್ಬೇಕು ಅಂತ ಸ್ಕ್ರೂ ಬಿಗಿ ಮಾಡೋದು ಬೇಡ, ವಾಲ್ವ್ ಪೂರ್ತಿ ಕೂರದೆ ಸುಟ್ಟು ಹೋಗುತ್ತೆ; ಮ್ಯಾನ್ಯುಯಲ್ ಅಳತೆನೇ ಇಡ್ರಿ. ಆಯಿಲ್ ಒತ್ತಡದಿಂದ ಗ್ಯಾಪ್ ತಾನೇ ತುಂಬೋ ಹೈಡ್ರಾಲಿಕ್ ಲಿಫ್ಟರ್ ಇದ್ರೆ, ಅಥವಾ ರಾಕರ್ ಇಲ್ಲದೆ ಕ್ಯಾಮ್ ಕೆಳಗೆ ನೇರ ಬಕೆಟ್ (ವಾಲ್ವ್ ಮೇಲೆ ಕೂರೋ ಬಟ್ಟಲು) ಇದ್ರೆ ಈ ಉಪಾಯ ನಡೆಯಲ್ಲ. ಯಾವ ವಾಲ್ವ್ ಹತ್ರ ಫೀಲರ್ ಇಟ್ರೂ ಸದ್ದು ಬಗ್ಗದೆ, ಒಂದು ಪ್ಲಗ್ ವೈರ್ ಕಿತ್ತಾಗ ಮಾತ್ರ ಕಡಿಮೆಯಾದ್ರೆ ಅದು ಪಿಸ್ಟನ್ನೋ ಕನೆಕ್ಟಿಂಗ್ ರಾಡ್ ಕೆಳತುದಿಯ ಬಿಗ್ ಎಂಡ್ ಬೇರಿಂಗೋ ಇರಬೇಕು. ಅಂಥ ಗಾಡಿನ ದಾವಣಗೆರೆಯಿಂದ ದುರ್ಗದ ತನಕ ಹೈವೇಲಿ ಓಡಿಸಿ ನೋಡೋಣ ಅನ್ನಬೇಡ್ರಿ, ಕಟ್ಟಿದವರ ಹತ್ರ ಟೋ ಮಾಡಿಸ್ರಿ.